ಬಣವೆ ತುಂಬಿದೆ, ಕುರಿ ಬಡವಾಗಿದೆ

(ಬೆಟ್ಟದ ತಪ್ಪಲಿನ ಕುರಿ ಸಾಕುವವರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬೇಸಿಗೆಯ ದಿನಗಳಲ್ಲಿ ಬೆಟ್ಟದ ತಪ್ಪಲಿನ ಕುರಿದೊಡ್ಡಿಗಳಲ್ಲಿ ಒಂದು ವಿಚಿತ್ರವಾದ ದೃಶ್ಯ ಕಾಣಸಿಗುತ್ತದೆ. ಹಿತ್ತಿಲಿನಲ್ಲಿ ಹುಲ್ಲಿನ ಬಣವೆ ಇನ್ನೂ ಅರ್ಧದಷ್ಟು ಉಳಿದಿರುತ್ತದೆ. ದೊಡ್ಡಿಯಲ್ಲಿ ನಿಂತ ಕುರಿಗಳ ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬಿರುತ್ತದೆ. ದೂರದಿಂದ ನೋಡಿದವರಿಗೆ ಮಂದೆ ಚೆನ್ನಾಗಿ ಮೇದಂತೆ ತೋರುತ್ತದೆ. ಆದರೆ ಉಣ್ಣೆಯ ಅಡಿಯಲ್ಲಿ ಕೈಯಾಡಿಸಿ, ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನೆಲುಬನ್ನು ಬೆರಳಿನಿಂದ ಒತ್ತಿದರೆ ಒಂದೊಂದು ಮೂಳೆಯೂ ಚೂಪಾಗಿ ತಾಕುತ್ತದೆ. ಹೊಟ್ಟೆ ತುಂಬಿದೆ, ಮೈಯಲ್ಲಿ ಮಾಂಸವಿಲ್ಲ. ಬಣವೆ ಇದೆ, ಹಸಿವು ಹೋಗಿಲ್ಲ.

ಈ ಒಗಟಿಗೆ ಉತ್ತರ ಹುಡುಕುವುದೇ ಈ ಉಪನ್ಯಾಸದ ಉದ್ದೇಶ. ಉತ್ತರ ತಿಳಿಯದೆ ಹೋದಾಗ ನಡೆಯುವುದು ಎರಡೇ. ಒಂದು, ಕುರಿಯನ್ನು ಬಡಕಲಾದ ಸ್ಥಿತಿಯಲ್ಲಿಯೇ ಸಂತೆಗೆ ಹೊಡೆದು ಸಿಕ್ಕಿದ ಬೆಲೆಗೆ ಮಾರುವುದು. ಇನ್ನೊಂದು, ಹಸಿರು ಹುಡುಕುತ್ತ ಮಂದೆಯನ್ನು ಕಾಡಿನ ಅಂಚಿಗೆ ಅಟ್ಟುವುದು. ಮೊದಲನೆಯದರಿಂದ ಮನೆಗೆ ನಷ್ಟ, ಎರಡನೆಯದರಿಂದ ಮನೆ ಮತ್ತು ಕಾಡು ಎರಡಕ್ಕೂ ನಷ್ಟ.

ಒಣಹುಲ್ಲಿನ ಸ್ವರೂಪ

ರಾಗಿಹುಲ್ಲು, ಭತ್ತದ ಹುಲ್ಲು, ಜೋಳದ ಸೊಪ್ಪೆ, ಮೆಕ್ಕೆಜೋಳದ ದಂಟು – ಇವೆಲ್ಲವೂ ಬೆಳೆಯ ಉಳಿಕೆಗಳು. ಗಿಡ ತನ್ನ ಆಯುಷ್ಯದಲ್ಲಿ ಗಳಿಸಿದ ಸಾರವನ್ನು ಕೊನೆಯಲ್ಲಿ ಕಾಳಿಗೆ ಸಾಗಿಸಿ, ತಾನು ಒಣಗಿ ನಿಲ್ಲುತ್ತದೆ. ಎಲೆ ಮತ್ತು ಕಾಂಡದಲ್ಲಿದ್ದ ಸಾರಜನಕದ ದೊಡ್ಡ ಪಾಲು ತೆನೆಗೆ ಹೋಗುತ್ತದೆ. ಆ ತೆನೆಯನ್ನು ಮನುಷ್ಯ ಒಕ್ಕಿ ಒಳಗೆ ತರುತ್ತಾನೆ. ಬಣವೆಯಲ್ಲಿ ಉಳಿಯುವುದು ನಾರು. ಇಂಥ ಹುಲ್ಲಿನಲ್ಲಿ ಪ್ರೋಟೀನಿನ ಅಂಶ ಸಾಮಾನ್ಯವಾಗಿ ಶೇ. 3ರಿಂದ 5. ಜೀರ್ಣವಾಗುವ ಭಾಗ ಅರ್ಧಕ್ಕಿಂತ ಕಡಿಮೆ, ಹೆಚ್ಚೆಂದರೆ ಅರ್ಧದಷ್ಟು.

ನಾರೆಂದರೆ ಕೆಲಸಕ್ಕೆ ಬಾರದ ವಸ್ತುವಲ್ಲ. ಅದರಲ್ಲಿರುವ ಸೆಲ್ಯುಲೋಸ್ ಸಕ್ಕರೆಯ ಕಣಗಳಿಂದಲೇ ಕಟ್ಟಿದ ಸರಪಳಿ. ಮನುಷ್ಯನ ಹೊಟ್ಟೆಗೆ ಆ ಸರಪಳಿಯನ್ನು ಬಿಡಿಸಲಾಗದು, ಕುರಿಯ ಹೊಟ್ಟೆಗೆ ಸಾಧ್ಯ. ಆದರೆ ಬಲಿತ ಕಾಂಡದಲ್ಲಿ ಸೆಲ್ಯುಲೋಸನ್ನು ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಗಾರೆಯಂತೆ ಹಿಡಿದಿರುತ್ತದೆ. ಭತ್ತದ ಹುಲ್ಲಿನಲ್ಲಿ ಇದರ ಜೊತೆಗೆ ಮರಳಿನ ಅಂಶವಾದ ಸಿಲಿಕಾ ಕೂಡ ಹೆಚ್ಚು. ಭತ್ತದ ಹುಲ್ಲಿಗಿಂತ ರಾಗಿಹುಲ್ಲು ಲೇಸು ಎಂಬ ರೈತರ ಅನುಭವದ ಮಾತಿಗೆ ಇದೂ ಒಂದು ಕಾರಣ.

ಆದ್ದರಿಂದ ಬಣವೆಯನ್ನು ಬೀಗ ಹಾಕಿದ ಕಣಜಕ್ಕೆ ಹೋಲಿಸಬಹುದು. ಒಳಗೆ ದಾಸ್ತಾನಿದೆ. ಬೀಗದ ಕೈ ಬೇರೆಡೆ ಇದೆ.

ಕುರಿಯ ಹೊಟ್ಟೆಯೊಳಗಿನ ಇನ್ನೊಂದು ಮಂದೆ

ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಅವುಗಳಲ್ಲಿ ದೊಡ್ಡದು ರೂಮೆನ್. ಮೇದ ಮೇವು ಮೊದಲು ಸೇರುವುದು ಇಲ್ಲಿಗೆ. ಬೆಚ್ಚಗಿನ, ಗಾಳಿಯಾಡದ ಈ ಚೀಲದಲ್ಲಿ ಬ್ಯಾಕ್ಟೀರಿಯ, ಪ್ರೊಟೊಜೋವ ಮತ್ತು ಶಿಲೀಂಧ್ರಗಳು ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಬದುಕುತ್ತವೆ. ನಾರನ್ನು ಒಡೆಯುವವು ಇವೇ. ನಾರು ಕೊಳೆತಾಗ ಹುಟ್ಟುವ ಆಮ್ಲಗಳು ಕುರಿಗೆ ಶಕ್ತಿ ನೀಡುತ್ತವೆ. ಅಷ್ಟೇ ಅಲ್ಲ, ಈ ಸೂಕ್ಷ್ಮಜೀವಿಗಳು ಮುಂದಿನ ಕೋಣೆಗಳಿಗೆ ಹರಿದು ಹೋದಾಗ ಅಲ್ಲಿ ಜೀರ್ಣವಾಗಿ ಕುರಿಗೆ ಪ್ರೋಟೀನಾಗುತ್ತವೆ. ಕುರಿ ಹುಲ್ಲನ್ನು ಮೇಯಿಸುವುದು ಈ ಅಗೋಚರ ಮಂದೆಗೆ. ತಾನು ಬದುಕುವುದು ಆ ಮಂದೆಯ ಮೇಲೆ.

ಈ ಒಳಮಂದೆ ಬೆಳೆಯಲು ನಾರಿನ ಜೊತೆ ಸಾರಜನಕ ಬೇಕು. ಮೇವಿನಲ್ಲಿ ಪ್ರೋಟೀನಿನ ಪ್ರಮಾಣ ಸುಮಾರು ಶೇ. 7ಕ್ಕಿಂತ ಕೆಳಗಿಳಿದರೆ ಸೂಕ್ಷ್ಮಜೀವಿಗಳ ಸಂಖ್ಯೆ ಕುಗ್ಗುತ್ತದೆ ಎಂಬುದು ಪಶು ಆಹಾರ ವಿಜ್ಞಾನದಲ್ಲಿ ಬಹುಕಾಲದಿಂದ ಒಪ್ಪಿತವಾದ ಸಂಗತಿ. ಸಂಖ್ಯೆ ಕುಗ್ಗಿದರೆ ನಾರು ಒಡೆಯುವ ಕೆಲಸ ನಿಧಾನವಾಗುತ್ತದೆ. ಒಡೆಯದ ಹುಲ್ಲು ರೂಮೆನ್‌ನಲ್ಲಿಯೇ ಕೂರುತ್ತದೆ. ಹಳೆಯದು ಹೊರಗೆ ಹೋಗದೆ ಹೊಸದಕ್ಕೆ ಸ್ಥಳವಿಲ್ಲ. ಹೊಟ್ಟೆ ಉಬ್ಬಿರುತ್ತದೆ, ಕುರಿ ಗೋದಲಿಯ ಮುಂದೆ ನಿಂತೇ ಇರುತ್ತದೆ, ಆದರೆ ಮೇಯುವುದಿಲ್ಲ. ಶಕ್ತಿ ಸಾಲದೆ ಅದು ತನ್ನ ಮೈಯ ಕೊಬ್ಬನ್ನೂ ಮಾಂಸವನ್ನೂ ಕರಗಿಸಿಕೊಳ್ಳುತ್ತದೆ. ಬೇಸಿಗೆಯ ಒಗಟಿಗೆ ಉತ್ತರ ಇಲ್ಲಿದೆ. ಕೊರತೆ ಹುಲ್ಲಿನದಲ್ಲ, ಹುಲ್ಲನ್ನು ಕರಗಿಸುವ ಸಾರಜನಕದ್ದು.

ಒಂದು ಹಿಡಿಯ ಲೆಕ್ಕ

ಬೀಗದ ಕೈ ದೊರೆಯುವುದು ದ್ವಿದಳ ಬೆಳೆಗಳಲ್ಲಿ. ಅವರೆ, ಅಲಸಂದೆ, ಹುರುಳಿ, ಶೇಂಗಾ, ತೊಗರಿ – ಇವುಗಳ ಬೇರಿನ ಗಂಟುಗಳಲ್ಲಿಯೂ ಒಂದು ಬಗೆಯ ಸೂಕ್ಷ್ಮಜೀವಿಗಳಿವೆ. ಅವು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಆದ್ದರಿಂದಲೇ ಈ ಗಿಡಗಳ ಎಲೆಯಲ್ಲಿ ಪ್ರೋಟೀನ್ ಹೆಚ್ಚು. ಎಲೆ ಉದುರದಂತೆ ಒಣಗಿಸಿದ ಅವರೆ, ಅಲಸಂದೆ ಅಥವಾ ಶೇಂಗಾ ಬಳ್ಳಿಯಲ್ಲಿ ಶೇ. 12ರಿಂದ 16ರವರೆಗೆ ಪ್ರೋಟೀನ್ ದೊರೆಯುವುದುಂಟು.

25 ಕಿಲೋ ತೂಕದ ಒಂದು ಹೆಣ್ಣು ಕುರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದು ದಿನಕ್ಕೆ ಸುಮಾರು 700 ಗ್ರಾಂ ಒಣಮೇವು ತಿನ್ನುತ್ತದೆ ಎಂದಿಟ್ಟುಕೊಳ್ಳೋಣ. ಅದೆಲ್ಲವೂ ಶೇ. 4 ಪ್ರೋಟೀನ್ ಇರುವ ಹುಲ್ಲೇ ಆದರೆ ದೊರೆಯುವ ಪ್ರೋಟೀನ್ 28 ಗ್ರಾಂ. ಅದರ ಬದಲು 500 ಗ್ರಾಂ ಹುಲ್ಲು, 200 ಗ್ರಾಂ ಒಣಗಿಸಿದ ಬಳ್ಳಿ ಕೊಟ್ಟರೆ? ಹುಲ್ಲಿನಿಂದ 20 ಗ್ರಾಂ, ಬಳ್ಳಿಯಲ್ಲಿ ಶೇ. 14 ಇದ್ದರೆ ಅದರಿಂದ 28 ಗ್ರಾಂ. ಒಟ್ಟು 48 ಗ್ರಾಂ. ಅಂದರೆ ಇಡೀ ಮೇವಿನ ಪ್ರೋಟೀನ್ ಪ್ರಮಾಣ ಶೇ. 4ರಿಂದ ಹೆಚ್ಚುಕಡಿಮೆ ಶೇ. 7ಕ್ಕೆ ಏರಿತು. ಒಳಮಂದೆ ಚೇತರಿಸಿಕೊಳ್ಳುವ ಮಟ್ಟ ಅದೇ.

ವಾಸ್ತವದಲ್ಲಿ ಲಾಭ ಈ ಲೆಕ್ಕಕ್ಕಿಂತ ಹೆಚ್ಚು. ಹುಲ್ಲನ್ನೇ ತಿನ್ನುವ ಕುರಿ 700 ಗ್ರಾಂ ತಿನ್ನುವುದೇ ಕಷ್ಟ. ಬಳ್ಳಿ ಸೇರಿದ ಮೇಲೆ ಹೊಟ್ಟೆ ಬೇಗ ಖಾಲಿಯಾಗಿ ಒಟ್ಟು ಮೇವು ತಿನ್ನುವ ಪ್ರಮಾಣ ಏರುತ್ತದೆ. ತಿಂದದ್ದರಲ್ಲಿ ಜೀರ್ಣವಾಗುವ ಪಾಲೂ ಏರುತ್ತದೆ. ಜೊತೆಗೆ ಬಳ್ಳಿಯಲ್ಲಿ ಸುಣ್ಣದ ಅಂಶ ಇದೆ, ಗಂಧಕ ಇದೆ, ಹಸಿರು ಉಳಿದಿದ್ದರೆ ಎ ಜೀವಸತ್ವದ ಮೂಲವೂ ಇದೆ. ಉಣ್ಣೆಯ ಎಳೆ ಗಂಧಕ ಹೆಚ್ಚಿರುವ ಪ್ರೋಟೀನಿನಿಂದ ಆದದ್ದು ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

ಹಾಗಾದರೆ ಎಲ್ಲವನ್ನೂ ಬಳ್ಳಿಯನ್ನೇ ಕೊಡಬಾರದೇ ಎಂಬ ಪ್ರಶ್ನೆ ಸಹಜ. ಕೊಟ್ಟರೆ ಕುರಿ ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ಬಳ್ಳಿ ಅಷ್ಟು ಇರುವುದಿಲ್ಲ, ಬಣವೆಯ ಹುಲ್ಲು ಹಾಗೆಯೇ ಉಳಿದು ಹೋಗುತ್ತದೆ. ಒಟ್ಟು ಮೇವಿನಲ್ಲಿ ಬಳ್ಳಿ ಸುಮಾರು ಮೂರನೇ ಒಂದು ಭಾಗ ಮೀರಿದ ಮೇಲೆ ಅದು ಹುಲ್ಲಿಗೆ ನೆರವಾಗುವುದನ್ನು ಬಿಟ್ಟು ಹುಲ್ಲಿನ ಸ್ಥಳವನ್ನು ತಾನೇ ಆಕ್ರಮಿಸತೊಡಗುತ್ತದೆ. ಬಡ ಮೇವಿಗೆ ಒಳ್ಳೆಯ ಮೇವನ್ನು ಬೆರೆಸುವ ಕಲೆ ಈ ಮಿತಿಯೊಳಗೆ ಇದೆ. ಅಡುಗೆಗೆ ಉಪ್ಪಿದ್ದಂತೆ ಹುಲ್ಲಿಗೆ ಬಳ್ಳಿ.

ಯೂರಿಯಾ ಉಪಚಾರದಿಂದಲೂ ಹುಲ್ಲಿನ ಗುಣ ಹೆಚ್ಚಿಸಬಹುದು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಚಿಮುಕಿಸಿ, ಮೂರು ವಾರ ಗಾಳಿಯಾಡದಂತೆ ಮುಚ್ಚಿಡುವ ಪದ್ಧತಿಯನ್ನು ಇಲಾಖೆಗಳು ದಶಕಗಳಿಂದ ಹೇಳುತ್ತ ಬಂದಿವೆ. ಅದು ಕೆಲಸ ಮಾಡುವ ವಿಧಾನವೇ. ಆದರೆ ಬೆಟ್ಟದ ಊರುಗಳಲ್ಲಿ ಅದು ನೆಲೆಯೂರಿದ್ದು ಕಡಿಮೆ. ನೀರು ಹೊರಬೇಕು, ಹಾಳೆ ಕೊಳ್ಳಬೇಕು. ಅಳತೆ ತಪ್ಪಿದರೆ ಅಥವಾ ಕುರಿ ಯೂರಿಯಾವನ್ನು ನೇರವಾಗಿ ನೆಕ್ಕಿದರೆ ಪ್ರಾಣಕ್ಕೇ ಅಪಾಯ. ಹಿಂಡಿ ಒಳ್ಳೆಯದು, ಆದರೆ ಅದಕ್ಕೆ ಪ್ರತಿ ವಾರ ನಗದು ಬೇಕು. ಬಳ್ಳಿಗೆ ಬೇಕಾದದ್ದು ಹೊಲದಲ್ಲಿ ಒಂದಿಷ್ಟು ಸಾಲು, ಅಟ್ಟದಲ್ಲಿ ಒಂದಿಷ್ಟು ಜಾಗ.

ಇಥಿಯೋಪಿಯದ ಬೆಟ್ಟಗಳ ಅನುಭವ

ಈ ಸಮಸ್ಯೆಯನ್ನು ಇದೇ ರೂಪದಲ್ಲಿ ಎದುರಿಸಿದ ಮತ್ತೊಂದು ಎತ್ತರದ ಸೀಮೆಯೆಂದರೆ ಆಫ್ರಿಕದ ಇಥಿಯೋಪಿಯ. ಆ ನಾಡಿನೊಡನೆ ಕನ್ನಡ ನಾಡಿಗೆ ಹಳೆಯ ಸಂಬಂಧವಿದೆ. ಈ ನೆಲದ ರಾಗಿ ಪೂರ್ವ ಆಫ್ರಿಕದ ಎತ್ತರದ ಸೀಮೆಗಳಲ್ಲಿ ಮೊದಲು ಕೃಷಿಗೆ ಒಳಗಾದ ಬೆಳೆ. ಹುಚ್ಚೆಳ್ಳಿನ ತವರು ಇಥಿಯೋಪಿಯ. ಅವರೆಯ ಕಾಡುರೂಪಗಳೂ ಆಫ್ರಿಕದಲ್ಲಿವೆ. ಒಂದೇ ಹೊಲದಲ್ಲಿ ಬೆಳೆದು ಬಂದ ಈ ಮೂರೂ ಆ ಖಂಡದಿಂದ ಬಂದವು.

ಇಥಿಯೋಪಿಯದ ಎತ್ತರದ ಹಳ್ಳಿಗಳಲ್ಲಿ ರೈತರು ಟೆಫ್ ಎಂಬ ಸಣ್ಣಕಾಳು, ಬಾರ್ಲಿ ಮತ್ತು ಗೋಧಿ ಬೆಳೆಯುತ್ತಾರೆ. ಮನೆಮನೆಗೂ ಕುರಿಗಳಿವೆ. ಒಣಗಾಲದಲ್ಲಿ ಅವುಗಳಿಗೆ ಆಧಾರ ಈ ಬೆಳೆಗಳ ಹುಲ್ಲು. ಅಲ್ಲಿಯೂ ಬಣವೆಯ ಪಕ್ಕದಲ್ಲಿಯೇ ಕುರಿ ಬಡವಾಗುತ್ತಿತ್ತು. ರಾಜಧಾನಿ ಆಡಿಸ್ ಅಬಾಬದಲ್ಲಿ 1974ರಲ್ಲಿ ಆರಂಭವಾದ ಆಫ್ರಿಕದ ಅಂತರರಾಷ್ಟ್ರೀಯ ಜಾನುವಾರು ಕೇಂದ್ರವು 1980ರ ದಶಕದಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. (ಆ ಕೇಂದ್ರ 1990ರ ದಶಕದ ಮಧ್ಯದಲ್ಲಿ ನೈರೋಬಿಯ ಇನ್ನೊಂದು ಸಂಸ್ಥೆಯೊಡನೆ ಸೇರಿ ಇಂದಿನ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯಾಯಿತು.)

ವಿಜ್ಞಾನಿಗಳು ಹೊರದೇಶದ ಮೇವಿನ ಬೀಜಗಳನ್ನಷ್ಟೇ ನೆಚ್ಚಿ ಕೂರಲಿಲ್ಲ. ಅಲ್ಲಿನ ಎರೆಭೂಮಿಯಲ್ಲಿ, ಮಳೆಗಾಲದಲ್ಲಿ ನೀರು ನಿಲ್ಲುವ ಕಡೆ, ಕ್ಲೋವರ್ ಎಂಬ ದ್ವಿದಳ ಸಸ್ಯದ ಹಲವು ಕಾಡುಜಾತಿಗಳು ತಾವಾಗಿಯೇ ಬೆಳೆಯುತ್ತವೆ. ರೈತರಿಗೆ ಅವು ಹುಲ್ಲುಗಾವಲಿನ ಸಾಮಾನ್ಯ ಗಿಡಗಳು. ಅವನ್ನು ಕೊಯ್ದು ಒಣಗಿಸಿ ಟೆಫ್ ಹುಲ್ಲು, ಗೋಧಿ ಹುಲ್ಲು, ಮೆಕ್ಕೆಜೋಳದ ದಂಟು ಮುಂತಾದವುಗಳ ಜೊತೆ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಕುರಿಗಳಿಗೆ ಕೊಟ್ಟು ಅಳೆದು ನೋಡಲಾಯಿತು. ಒಣ ಕ್ಲೋವರ್ ಸೇರಿದಂತೆ ಕುರಿಗಳು ತಿನ್ನುವ ಒಟ್ಟು ಮೇವು ಹೆಚ್ಚಿತು, ಮೈಯಲ್ಲಿ ಉಳಿಯುವ ಸಾರಜನಕವೂ ಹೆಚ್ಚಿತು. ಈ ಅನುಭವದ ಪಾಠವನ್ನು ಒಂದು ವಾಕ್ಯದಲ್ಲಿ ಹೇಳಬಹುದು: ಬಡ ಹುಲ್ಲಿಗೆ ಬೇಕಾದ ಮದ್ದು ಆ ಹೊಲದ ಬದುವಿನಲ್ಲಿಯೇ ಇತ್ತು.

ಒಂದೇ ಹೊಲ, ಎರಡು ಮೇವು

ಕರ್ನಾಟಕದ ರಾಗಿ ಸೀಮೆಯಲ್ಲಿ ಆ ಮದ್ದು ಬದುವಿನಲ್ಲಿಯೂ ಅಲ್ಲ, ಹೊಲದ ನಡುವೆಯೇ ಇತ್ತು. ಅದರ ಹೆಸರು ಅಕ್ಕಡಿ ಸಾಲು. ರಾಗಿಯ ಕೆಲವು ಸಾಲುಗಳಿಗೊಮ್ಮೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಬಿತ್ತುವ ಪದ್ಧತಿಯನ್ನು ಮನೆಗೆ ಬೇಕಾದ ಬೇಳೆಗಾಗಿ ಮಾಡಿದ್ದೆಂದು ಭಾವಿಸುವುದು ವಾಡಿಕೆ. ಅದು ಮೇವಿನ ವ್ಯವಸ್ಥೆಯೂ ಆಗಿತ್ತೆಂಬುದು ಮರೆತುಹೋಗಿದೆ. ನಾಟಿ ಅವರೆ ಹಗಲು ಕಿರಿದಾದ ಮೇಲೆ ಹೂ ಬಿಡುವ ಬಳ್ಳಿ. ರಾಗಿ ಕೊಯ್ದ ಮೇಲೂ ಭೂಮಿಯಲ್ಲಿ ಉಳಿದ ತೇವವನ್ನೂ ಮಾಗಿಯ ಇಬ್ಬನಿಯನ್ನೂ ನಂಬಿ ಅದು ಹಬ್ಬುತ್ತದೆ. ಸೊನೆ ಸುರಿಯುವ ಕಾಯಿ ಮನೆಗೆ, ಕಾಯಿ ಬಿಡಿಸಿದ ಹಸಿರು ಬಳ್ಳಿ ದೊಡ್ಡಿಗೆ. ರಾಗಿಯ ಹುಲ್ಲಿನ ಬಣವೆಗೆ ಬೀಗದ ಕೈಯನ್ನು ಅದೇ ಹೊಲ ಒಂದೆರಡು ತಿಂಗಳು ತಡವಾಗಿ ಒದಗಿಸುತ್ತಿತ್ತು.

1990ರ ದಶಕದಿಂದ ಈಚೆಗೆ ದಾವಣಗೆರೆ, ಹಾವೇರಿ ಜಿಲ್ಲೆಗಳಲ್ಲಿಯೂ ಶಿವಮೊಗ್ಗದ ಅರೆಮಲೆನಾಡಿನಲ್ಲಿಯೂ ಮೆಕ್ಕೆಜೋಳ ವ್ಯಾಪಕವಾಗಿ ಹರಡಿತು. ಕೈಗೆ ಹಣ ಬರುವ ಬೆಳೆಯನ್ನು ರೈತ ಆರಿಸಿಕೊಂಡದ್ದನ್ನು ದೂರುವುದು ನ್ಯಾಯವಲ್ಲ. ಆದರೆ ಏಕಬೆಳೆಯ ಹೊಲದಲ್ಲಿ, ಅದರಲ್ಲಿಯೂ ಕಳೆನಾಶಕ ಸಿಂಪಡಿಸಿದ ಹೊಲದಲ್ಲಿ, ಅಕ್ಕಡಿಗೆ ಅವಕಾಶವಿಲ್ಲ. ಮೆಕ್ಕೆಜೋಳದ ಒರಟು ದಂಟನ್ನು ಕುರಿ ಮುಟ್ಟುವುದೂ ಕಡಿಮೆ. ಅನೇಕ ಕಡೆ ಅದನ್ನು ಹೊಲದಲ್ಲಿಯೇ ಸುಡುತ್ತಾರೆ. ಹೀಗೆ ಒಂದೇ ಹೊಲದಲ್ಲಿದ್ದ ಹುಲ್ಲು ಮತ್ತು ಬಳ್ಳಿಯ ನಂಟು ಹರಿಯಿತು.

ಆ ನಂಟು ಹರಿದದ್ದರ ಭಾರ ಬಿದ್ದದ್ದು ಕಾಡಿನ ಅಂಚಿನ ಮೇಲೆ. ಹೊಲದಲ್ಲಿ ಸಿಗದ ಹಸಿರನ್ನು ಬೇಸಿಗೆಯಲ್ಲಿ ಗೋಮಾಳದಲ್ಲಿ ಹುಡುಕಬೇಕು. ಗೋಮಾಳ ಸಾಗುವಳಿಗೆ, ನೀಲಗಿರಿ ನೆಡುತೋಪಿಗೆ ಹೋಗಿದ್ದರೆ ಕಾಡಿನ ಅಂಚಿನಲ್ಲಿ ಹುಡುಕಬೇಕು. ಎಳೆಯ ಸಸಿಗಳ ತುದಿ ಮುರಿಯುತ್ತದೆ, ಮರದ ಕೊಂಬೆಗಳು ಸೊಪ್ಪಿಗಾಗಿ ಇಳಿಯುತ್ತವೆ. ಹುಲ್ಲು ಹೋದಲ್ಲಿ ಲಂಟಾನ ಮತ್ತು ಯುಪಟೋರಿಯಂ ಬರುತ್ತವೆ. ಚೆನ್ನಾಗಿ ಮೇದ ಕುರಿ ಲಂಟಾನಕ್ಕೆ ಬಾಯಿ ಹಾಕುವುದಿಲ್ಲ. ಹಸಿದ ಕುರಿ ತಿನ್ನುತ್ತದೆ. ತಿಂದರೆ ಯಕೃತ್ತು ಕೆಟ್ಟು, ಬಿಸಿಲಿಗೆ ಮೂತಿ ಮತ್ತು ಕಿವಿಯ ಚರ್ಮ ಬಿರಿದು, ಮೇವು ಬಿಟ್ಟು ಸಾಯುವುದೂ ಉಂಟು. ಕಾಡಿಗೂ ಕುರಿಗೂ ಕೇಡಾಗುವ ಈ ಸರಣಿ ಶುರುವಾಗುವುದು ದೊಡ್ಡಿಯ ಗೋದಲಿಯಲ್ಲಿ.

ಬಳ್ಳಿಯನ್ನು ಒಣಗಿಸುವ ಬಗೆ

ದ್ವಿದಳ ಮೇವಿನ ಬೆಲೆಯೆಲ್ಲ ಎಲೆಯಲ್ಲಿದೆ. ಕಾಂಡಕ್ಕಿಂತ ಎಲೆಯಲ್ಲಿ ಪ್ರೋಟೀನ್ ಬಹುಪಾಲು ಹೆಚ್ಚು. ಎಲೆ ಉದುರಿಹೋದ ತೊಗರಿಕಟ್ಟಿಗೆಯಾಗಲಿ ಹುರುಳಿಯ ಬರೀ ಕಾಂಡವಾಗಲಿ ರಾಗಿಹುಲ್ಲಿಗಿಂತ ಹೆಚ್ಚಿನದಲ್ಲ. ಆದ್ದರಿಂದ ಕೊಯ್ಲಿನ ಹೊತ್ತೇ ಮುಖ್ಯ.

ಮೇವಿಗೆಂದೇ ಬೆಳೆದ ಅಲಸಂದೆ, ಅವರೆಯನ್ನು ಹೂ ಬಿಡಲು ಆರಂಭಿಸಿದಾಗ ಕೊಯ್ಯುವುದು ಉತ್ತಮ. ಕಾಯಿಯೂ ಬೇಕು ಎನ್ನುವವರು ಹಸಿಕಾಯನ್ನು ಎರಡು ಮೂರು ಬಾರಿ ಬಿಡಿಸಿಕೊಂಡು, ಬಳ್ಳಿ ಹಳದಿಯಾಗುವ ಮೊದಲೇ ಕೊಯ್ಯಬೇಕು. ಒಣಕಾಳಿಗೆ ಬಿಟ್ಟರೆ ಎಲೆ ಹೊಲದಲ್ಲಿಯೇ ಉದುರುತ್ತದೆ. ಆಗ ಕಣದಲ್ಲಿ ಸಿಗುವ ಹೊಟ್ಟನ್ನು, ಅಂದರೆ ಕಾಯಿಯ ಸಿಪ್ಪೆ ಮತ್ತು ಪುಡಿ ಎಲೆಯನ್ನು, ತೂರಿ ಚೀಲ ಕಟ್ಟಿಡಬೇಕು. ಶೇಂಗಾ ಈ ವಿಷಯದಲ್ಲಿ ಉದಾರಿ. ಕಾಯಿ ನೆಲದೊಳಗೆ ಬಲಿತಾಗಲೂ ಬಳ್ಳಿಯ ಮೇಲೆ ಹಸಿರು ಎಲೆ ಉಳಿದಿರುತ್ತದೆ. ಕಿತ್ತ ಕೂಡಲೆ ಒಣಗಿಸಿದರೆ ಕಾಳು, ಮೇವು ಎರಡೂ ಕೈಸೇರುತ್ತವೆ.

ಕೊಯ್ದ ಬಳ್ಳಿಯನ್ನು ತೆಳುವಾಗಿ ಹರಡಿ ಒಂದು ದಿನ ಬಿಸಿಲಿಗೆ ಬಾಡಿಸಿ, ಆಮೇಲೆ ಸಣ್ಣ ಗುಪ್ಪೆಗಳಾಗಿ ಅಥವಾ ಬೇಲಿ, ಗಳುಗಳ ಮೇಲೆ ನೇತುಹಾಕಿ ನೆರಳಿನಲ್ಲಿ ಒಣಗಿಸುವುದು ಲೇಸು. ಬಿರುಬಿಸಿಲಿನಲ್ಲಿ ಮೂರು ನಾಲ್ಕು ದಿನ ಬಿಟ್ಟರೆ ಹಸಿರು ಬಣ್ಣ ಹೋಗುತ್ತದೆ, ಮುಟ್ಟಿದರೆ ಎಲೆ ಪುಡಿಯಾಗುತ್ತದೆ. ಮಗುಚುವ ಮತ್ತು ಹೊರುವ ಕೆಲಸವನ್ನು ಬೆಳಗಿನ ತಂಪಿನಲ್ಲಿ, ಎಲೆ ಕೊಂಚ ಮೆತ್ತಗಿರುವಾಗ ಮಾಡಬೇಕು. ಒಂದು ಹಿಡಿ ಬಳ್ಳಿಯನ್ನು ಹಗ್ಗದಂತೆ ಹೊಸೆದಾಗ ಕಾಂಡ ಸೀಳಬೇಕು, ನೀರಿನ ಪಸೆ ಕೈಗೆ ತಾಕಬಾರದು.

ಇನ್ನೂ ಸಂದೇಹವಿದ್ದರೆ ವಿದ್ಯಾರ್ಥಿಗಳು ಒಂದು ಸುಲಭವಾದ ಪರೀಕ್ಷೆ ಮಾಡಬಹುದು. ಒಣಗಿದ ಗಾಜಿನ ಸೀಸೆಯಲ್ಲಿ ಕತ್ತರಿಸಿದ ಬಳ್ಳಿಯನ್ನು ಅರ್ಧದಷ್ಟು ತುಂಬಿ, ಎರಡು ಚಮಚ ಒಣ ಪುಡಿಯುಪ್ಪು ಹಾಕಿ, ಮುಚ್ಚಳ ಬಿಗಿದು ಕೆಲವು ನಿಮಿಷ ಅಲುಗಾಡಿಸಬೇಕು. ಉಪ್ಪು ಗಂಟುಕಟ್ಟಿ ಗಾಜಿಗೆ ಅಂಟಿದರೆ ತೇವ ಇನ್ನೂ ಇದೆ. ಉದುರುದುರಾಗಿ ಉಳಿದರೆ ಅಟ್ಟಕ್ಕೆ ಏರಿಸಬಹುದು.

ತೇವದ ಬಳ್ಳಿಯನ್ನು ಒಟ್ಟಿದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಮೇವನ್ನು, ವಿಶೇಷವಾಗಿ ಶೇಂಗಾ ಬಳ್ಳಿಯನ್ನು, ಕುರಿಗೆ ಹಾಕಲೇಬಾರದು. ಅದರ ವಿಷ ಯಕೃತ್ತನ್ನು ಕೆಡಿಸುತ್ತದೆ. ಹುಲ್ಲಿನ ಬಣವೆ ಮಳೆಯ ನೀರನ್ನು ಜಾರಿಸುತ್ತದೆ, ಬಳ್ಳಿಯ ಬಣವೆ ಹೀರಿಕೊಳ್ಳುತ್ತದೆ. ಆದ್ದರಿಂದ ಬಳ್ಳಿಗೆ ಸೂರು ಬೇಕು. ನೆಲದಿಂದ ಒಂದೆರಡು ಅಡಿ ಎತ್ತರದ ಅಟ್ಟಣಿಗೆ ಬೇಕು.

ಯಾವ ಕುರಿಗೆ, ಎಷ್ಟು, ಯಾವಾಗ

20 ಕುರಿಗಳ ಮಂದೆಗೆ ದಿನಕ್ಕೆ ತಲಾ 200 ಗ್ರಾಂನಂತೆ 4 ಕಿಲೋ ಬಳ್ಳಿ ಬೇಕು. ಫೆಬ್ರವರಿಯಿಂದ ಮೇವರೆಗೆ 120 ದಿನಗಳೆಂದು ಎಣಿಸಿದರೆ 480 ಕಿಲೋ, ಅಂದರೆ ಸುಮಾರು ಐದು ಕ್ವಿಂಟಾಲ್. ಮಳೆ ಕೈಕೊಡದ ವರ್ಷ ಒಂದು ಎಕರೆ ಶೇಂಗಾ ಹೊಲದ ಬಳ್ಳಿಯನ್ನು ಹಾಳುಮಾಡದೆ ಒಣಗಿಸಿದರೆ ಇಷ್ಟು ಒದಗುವುದು ಅಸಾಧ್ಯವೇನಲ್ಲ. ಅಕ್ಕಡಿಯ ಅವರೆ, ಬದುವಿನ ಸ್ಟೈಲೋ, ಕಣದ ಹೊಟ್ಟು – ಮೂರನ್ನೂ ಕೂಡಿಸಿಯೂ ಇದನ್ನು ಹೊಂದಿಸಬಹುದು.

ಅಷ್ಟು ಸಾಲದೆ ಇದ್ದರೆ ಎಲ್ಲಕ್ಕೂ ಚೂರುಚೂರು ಹಂಚುವುದಕ್ಕಿಂತ ಸರದಿ ಗೊತ್ತುಮಾಡುವುದು ಒಳಿತು. ಕುರಿಯ ಗರ್ಭದ ಅವಧಿ ಐದು ತಿಂಗಳು. ಹೊಟ್ಟೆಯ ಮರಿಯ ಬೆಳವಣಿಗೆಯ ಬಹುಭಾಗ ಕೊನೆಯ ಆರು ವಾರಗಳಲ್ಲಿ ಆಗುತ್ತದೆ. ಆ ಆರು ವಾರದ ಗಬ್ಬದ ಕುರಿಗೆ ಮೊದಲ ಹಕ್ಕು. ಮರಿ ಹಾಕಿ ಹಾಲೂಡಿಸುವ ಕುರಿಗೆ ಎರಡನೆಯದು. ಇವೆರಡಕ್ಕೂ 250ರಿಂದ 300 ಗ್ರಾಂ ಕೊಡುವುದು ವ್ಯರ್ಥವಲ್ಲ. ತಾಯಿಹಾಲು ಬಿಟ್ಟ ಮರಿಗೆ ಮೂರನೆಯ ಹಕ್ಕು. ಬಲಿತ ಟಗರು ಮತ್ತು ಬರಡು ಕುರಿಗಳು ಕಡೆಗೆ.

ಬಳ್ಳಿಯನ್ನು ಒಮ್ಮೆಗೇ ಸುರಿಯದೆ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ಒಳಮಂದೆ ಹೊಸ ಮೇವಿಗೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು. ಹಸಿ ಬಳ್ಳಿಯನ್ನು ಖಾಲಿ ಹೊಟ್ಟೆಗೆ ಹೆಚ್ಚಾಗಿ ತಿಂದರೆ ಹೊಟ್ಟೆಯುಬ್ಬರದ ಭಯವಿದೆ. ಒಣಗಿಸಿದ ಬಳ್ಳಿಯಲ್ಲಿ ಆ ಭಯ ತೀರ ಕಡಿಮೆ. ಹುಲ್ಲನ್ನು ಅಳೆದು ಹಾಕದೆ ತಿನ್ನುವುದಕ್ಕಿಂತ ಒಂದಿಷ್ಟು ಹೆಚ್ಚಾಗಿಯೇ ಹಾಕಬೇಕು. ಕುರಿ ಬಾಯಿ ಸಣ್ಣದು, ಆಯ್ದು ತಿನ್ನುವ ಪ್ರಾಣಿ. ಎಲೆ, ಸಿಪ್ಪೆ ಆರಿಸಿಕೊಂಡು ದಂಟನ್ನು ಬಿಡುತ್ತದೆ. ಉಳಿದದ್ದು ದನದ ಕೊಟ್ಟಿಗೆಗೆ ಅಥವಾ ಗೊಬ್ಬರದ ಗುಂಡಿಗೆ ಸಲ್ಲುತ್ತದೆ. ನೀರಿನ ಮಾತನ್ನು ಮರೆಯಬಾರದು. ಒಂದು ಕಿಲೋ ಒಣಮೇವಿಗೆ ಕನಿಷ್ಠ ಎರಡು ಮೂರು ಲೀಟರ್ ನೀರು ಬೇಕು. ನೀರಿಲ್ಲದ ದೊಡ್ಡಿಯಲ್ಲಿ ಯಾವ ಮೇವೂ ಕರಗದು.

ಊರು ಸೇರಿ ಮಾಡಬೇಕಾದದ್ದು

ಈವರೆಗೆ ಹೇಳಿದ್ದು ಒಂದೊಂದು ಮನೆ ಮಾಡಬಹುದಾದ ಕೆಲಸ. ಆದರೆ ಒಬ್ಬರಿಂದಲೇ ಆಗದ ಕೆಲಸವೂ ಇದೆ. ರಾಗಿ ಕೊಯ್ಲಾದ ಮರುದಿನವೇ ಊರಿನ ದನಕುರಿಗಳನ್ನು ಹೊಲಗಳಿಗೆ ಬಿಡುವುದು ಹಳೆಯ ರೂಢಿ. ಎಲ್ಲರೂ ಅಕ್ಕಡಿ ಬಿತ್ತುತ್ತಿದ್ದ ಕಾಲದಲ್ಲಿ ಎಲ್ಲರೂ ಕಾಯುತ್ತಿದ್ದರು. ಈಗ ಒಬ್ಬರೇ ಅವರೆ ಬಿತ್ತಿದರೆ ಅವರ ಬಳ್ಳಿ ಉಳಿಯುವುದಿಲ್ಲ. ಅದೇ ಕಾರಣಕ್ಕೆ ಮುಂದಿನ ವರ್ಷ ಅವರೂ ಬಿತ್ತುವುದಿಲ್ಲ. ಅಕ್ಕಡಿ ಅಳಿದದ್ದಕ್ಕೆ ಮಾರುಕಟ್ಟೆಯ ಜೊತೆ ಇದೂ ಒಂದು ಕಾರಣ. ಅವರೆಯ ಕಡೆಯ ಕೊಯ್ಲು ಮುಗಿಯುವವರೆಗೆ ಹೊಲಗಳಿಗೆ ಜಾನುವಾರು ಬಿಡಬಾರದೆಂದು ಗ್ರಾಮಸಭೆಯಲ್ಲಿ ದಿನಾಂಕ ಗೊತ್ತುಮಾಡಿಕೊಂಡರೆ ಖರ್ಚಿಲ್ಲದೆ ದೊಡ್ಡ ಕೆಲಸವಾದಂತೆ. ಅಲ್ಲಿಯವರೆಗೆ ಸಂಚಾರಿ ಕುರಿಗಾರರ ಮಂದೆಗಳಿಗೆ ಯಾವ ಹೊಲ, ಯಾವ ದಾರಿ ತೆರೆದಿದೆಯೆಂಬುದನ್ನೂ ಅವರೊಡನೆ ಕೂತು ತೀರ್ಮಾನಿಸಬೇಕು. ಅವರ ಮಂದೆಯ ಗೊಬ್ಬರ ಬೇಕೆಂದು ಬಯಸುವ ಊರು ಅವರ ಕುರಿಯ ಹೊಟ್ಟೆಯ ಬಗ್ಗೆಯೂ ಯೋಚಿಸಬೇಕಾದದ್ದು ನ್ಯಾಯ.

ಉಳಿದಿರುವ ಗೋಮಾಳದ ಒಂದು ಭಾಗವನ್ನು ಎರಡು ಮಳೆಗಾಲ ಮೇಯಿಸದೆ ಕಾದು, ಸ್ಥಳೀಯ ಹುಲ್ಲಿನ ನಡುವೆ ಸ್ಟೈಲೋ ಚೆಲ್ಲುವುದು ಇನ್ನೊಂದು ದಾರಿ. ಬಡ ನೆಲದಲ್ಲಿಯೂ ಬರುವ ಈ ದ್ವಿದಳ ಮೇವನ್ನು ಕೊಯ್ದು ತಂದು ಒಣಗಿಸಬಹುದು. ಮೇವಿನ ಬೆಳೆ ಮತ್ತು ಬೀಜದ ಬಗ್ಗೆ ಮಾಹಿತಿಗೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವನ್ನು ಕೇಳಬಹುದು. ಆದರೆ ಸಹಜವಾದ ಬೆಟ್ಟದ ಹುಲ್ಲುಗಾವಲುಗಳಲ್ಲಿ ಹೊರಗಿನ ಬೀಜ ಚೆಲ್ಲುವುದು ಸಲ್ಲದು. ಹೊಲ, ಬದು, ಹಾಳುಬಿದ್ದ ಗೋಮಾಳಗಳಿಗೆ ಅದು ಸೀಮಿತವಾಗಿರಲಿ.

ವಿದ್ಯಾರ್ಥಿಗಳಿಗೂ ಒಂದು ಕೆಲಸವಿದೆ. ಒಪ್ಪುವ ಒಬ್ಬ ಕುರಿಗಾರರ ದೊಡ್ಡಿಯಲ್ಲಿ ಒಂದೇ ವಯಸ್ಸಿನ, ಹೆಚ್ಚುಕಡಿಮೆ ಒಂದೇ ತೂಕದ ಹನ್ನೆರಡು ಮರಿಗಳನ್ನು ಎರಡು ಗುಂಪು ಮಾಡಬೇಕು. ಎರಡಕ್ಕೂ ಒಂದೇ ಹುಲ್ಲು, ಒಂದೇ ನೀರು. ಒಂದು ಗುಂಪಿಗೆ ಮಾತ್ರ ದಿನಕ್ಕೆ ತಲಾ 150 ಗ್ರಾಂ ಒಣಬಳ್ಳಿ. ಎರಡು ವಾರಕ್ಕೊಮ್ಮೆ, ಬೆಳಗ್ಗೆ ಮೇವು ನೀರು ಕೊಡುವ ಮೊದಲು ತೂಗಿ ಬರೆದಿಡಬೇಕು. ಹಾಕಿದ ಹುಲ್ಲನ್ನೂ ಉಳಿಸಿದ ಹುಲ್ಲನ್ನೂ ತೂಗಬೇಕು. ಬಳ್ಳಿ ತಿಂದ ಮರಿಗಳು ಹುಲ್ಲನ್ನು ಕಡಿಮೆ ತಿಂದವೋ ಹೆಚ್ಚು ತಿಂದವೋ ಎಂಬುದನ್ನು ಎರಡು ತಿಂಗಳ ಕೊನೆಗೆ ತಕ್ಕಡಿಯೇ ಹೇಳುತ್ತದೆ. ಎರಡು ತಿಂಗಳಾದ ಮೇಲೆ ಮೊದಲ ಗುಂಪಿಗೂ ಬಳ್ಳಿ ಕೊಟ್ಟು ಕುರಿಗಾರರ ಋಣ ತೀರಿಸುವುದನ್ನು ಮರೆಯಬಾರದು.

ಬೇರಿನ ಗಂಟಿನಲ್ಲಿರುವ ಸೂಕ್ಷ್ಮಜೀವಿ ಗಾಳಿಯಿಂದ ಸಾರಜನಕ ಹಿಡಿಯುತ್ತದೆ. ಬಳ್ಳಿ ಅದನ್ನು ಎಲೆಯಲ್ಲಿ ಕಾಪಿಡುತ್ತದೆ. ಹೊಟ್ಟೆಯ ಸೂಕ್ಷ್ಮಜೀವಿ ಅದರ ಬಲದಿಂದ ಒಣಹುಲ್ಲನ್ನು ಕರಗಿಸುತ್ತದೆ. ಕುರಿಯ ಹಿಕ್ಕೆ ಮರಳಿ ಅದೇ ಹೊಲಕ್ಕೆ ಹೋಗುತ್ತದೆ. ಕಣ್ಣಿಗೆ ಕಾಣದ ಎರಡು ಜೀವಿಗಳ ನಡುವಿನ ಈ ಸೇತುವೆಯನ್ನು ಕಾಯುವ ಕೆಲಸ ರೈತನದು. ಅವರೆಯ ಒಂದು ಸಾಲನ್ನು ಹೊಲಕ್ಕೆ ಮರಳಿ ತರುವುದು ಸಣ್ಣ ಕೆಲಸವೆಂದು ತೋರಬಹುದು. ಆ ಸಾಲು ಇರುವ ಊರಿನಲ್ಲಿ ಬೇಸಿಗೆಯ ಬಣವೆ ನಿಜವಾದ ಮೇವಾಗುತ್ತದೆ, ಗಬ್ಬದ ಕುರಿ ಸಂತೆಗೆ ಹೋಗದೆ ಉಳಿಯುತ್ತದೆ, ಕಾಡಿನ ಅಂಚಿನ ಎಳೆಸಸಿಗೆ ಒಂದು ವರ್ಷ ಹೆಚ್ಚಿಗೆ ಬೆಳೆಯುವ ಅವಕಾಶ ಸಿಗುತ್ತದೆ. ಈ ಮುಂಗಾರಿನಲ್ಲಿ ರಾಗಿ ಬಿತ್ತುವ ಪ್ರತಿಯೊಬ್ಬರ ಬೀಜದ ಬುಟ್ಟಿಯಲ್ಲಿಯೂ ಒಂದು ಸೇರು ನಾಟಿ ಅವರೆ ಇರಲಿ.